ಅಲೀಡಳ ಚಿತ್ರದಲ್ಲಿ ನನ್ನ ಕೈ

ಹಗ್ಗ ಹೊಸೆಯುವ ಹಾರ್ಮೆನ್‌ನ ಮಗಳು ಅಲೀಡ ಚಿತ್ರಕ್ಕೆಂದು ನಾನು ಕೆಲಸಕ್ಕಿದ್ದ ಚಿತ್ರಕಾರನ ಮನೆಯಲ್ಲಿ ಕೂತದ್ದು ಮೂರೇ ಮೂರು ಬೆಳಗು. ನಾಲ್ಕನೆಯ ಬೆಳಗು ಹೊತ್ತಿಗೆ ಸರಿಯಾಗಿ ಬಂದಳು, ಶಾಲು ತೆಗೆದು ಗೂಟಕ್ಕೆ ಹಾಕಿದಳು, ಆದರೆ ಕುರ್ಚಿಯ ಕಡೆ ಹೋಗಲಿಲ್ಲ. ಒಲೆಯ ಪಕ್ಕ ಒಣಗಲೆಂದು ಒರಗಿಸಿದ್ದ ಇನ್ನೊಂದು ಚಿತ್ರದ ಹಲಗೆಯ ಮುಂದೆ ನಿಂತುಬಿಟ್ಟಳು. ಅದುವರೆಗೆ ಆ ಹಲಗೆ ಗೋಡೆಗೆ ಮುಖ ಮಾಡಿಕೊಂಡಿತ್ತು. ಎರಡು ದಿನದಿಂದ ಸಮುದ್ರದ ಕಡೆಯಿಂದ ಮಂಜು ಹಿಡಿದು ಬಣ್ಣ ಒಣಗದೆ ಅಂಟಂಟಾಗಿದ್ದರಿಂದ ಅದನ್ನು ತಿರುಗಿಸಿ ಇಟ್ಟವಳು ನಾನೇ.

“ಹಿಲ್ಲಕ್ಕ, ಇದು ಡೀವರಮ್ಮನ ಮಗ ರೈಕರ್ಟ್ ಅಲ್ವಾ?” ಅಂದಳು.

“ಇನ್ಯಾರು? ಮೂಗು ನೋಡಿದ್ರೆ ಗೊತ್ತಾಗಲ್ವೇನಮ್ಮ?”

“ಮೂಗು ಗೊತ್ತಾಯ್ತು. ಹಲಗೆ ನನ್ನ ಹಲಗೆಯಷ್ಟೇ ಇದೆಯಲ್ಲ.”

ನಾನು ಸೀಸದ ಬಿಳಿ ಬಣ್ಣ ಅರೆಯುತ್ತಿದ್ದವಳು ಕಲ್ಲನ್ನು ನಿಲ್ಲಿಸಿದೆ. ಅವಳು ತನ್ನ ಅರ್ಧ ಮುಗಿದ ಚಿತ್ರದ ಹತ್ತಿರ ಹೋಗಿ ನೋಡಿದಳು, ಮತ್ತೆ ಒಲೆಯ ಹತ್ತಿರ ಬಂದು ನೋಡಿದಳು.

“ಇವನು ಯಾವ ಕಡೆ ತಿರುಗಿದಾನೆ?”

“ಬಲಕ್ಕೆ.”

“ನಾನು?”

ಅದನ್ನು ನಾನು ಹೇಳಬೇಕಾಗಿರಲಿಲ್ಲ. ನಮ್ಮ ಹೋರ್ನ್ ಊರಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿರುವ ವಿಚಾರ ಅದು. ಗೋಡೆಯ ಮೇಲೆ ಗಂಡನ ಹಲಗೆ ಎಡಕ್ಕೆ, ಹೆಂಡತಿಯದು ಬಲಕ್ಕೆ. ಗಂಡ ಚೂರು ಬಲಕ್ಕೆ ತಿರುಗಿರುತ್ತಾನೆ, ಹೆಂಡತಿ ಚೂರು ಎಡಕ್ಕೆ. ನಡುವೆ ಒಂದು ಮೊಳ ಗೋಡೆ ಇದ್ದರೂ ಇವರಿಬ್ಬರೂ ಒಬ್ಬರಿಗೊಬ್ಬರು ಎಂದು ನೋಡಿದವರಿಗೆ ತಿಳಿಯಬೇಕು. ಒಂದೇ ಅಳತೆಯ ಎರಡು ಓಕ್ ಹಲಗೆ, ಒಂದೇ ಬೆಳಕು, ಒಂದೇ ಕಂದು ಹಿನ್ನೆಲೆ. ಅಲೀಡ ಮೂರು ಬೆಳಗು ಎಡಕ್ಕೆ ತಿರುಗಿ ಕೂತಿದ್ದಳು. ಅಲ್ಲಿ ಕಿಟಕಿ ಇದೆ, ಅದಕ್ಕೇ ಹಾಗೆ ಕೂರಿಸಿದ್ದಾರೆ ಎಂದು ಅವಳು ತಿಳಿದಿದ್ದಳಂತೆ.

“ತೀರಿಹೋದ ನಿಮ್ಮಮ್ಮಂದು ಒಂದು ಚಿತ್ರ ಇಲ್ಲ, ನಿಂದಾದ್ರೂ ಒಂದಿರ್ಲಿ ಅಂತ ಅಪ್ಪ ಅಂದ. ಬರೆಸ್ತಿರೋದು ಯಾರು ಅಂತ ನಾನು ಕೇಳ್ಲೇ ಇಲ್ಲ ನೋಡಿ,” ಅಂದಳು. “ನಿಮಗೆ ಗೊತ್ತಿತ್ತಾ?”

“ನಿನಗೆ ಗೊತ್ತು ಅಂತಲೇ ನನಗೆ ಗೊತ್ತಿದ್ದದ್ದು ತಾಯಿ. ಊರೆಲ್ಲ ಮಾತಾಡ್ಕೊಳ್ತಿತ್ತಲ್ಲ.”

“ಊರಿಗೆ ಗೊತ್ತಿರುತ್ತೆ, ನನಗೆ ಇರಲ್ಲ. ಚೆನ್ನಾಗಿದೆ.” ಶಾಲನ್ನು ಗೂಟದಿಂದ ಎಳೆದುಕೊಂಡು ಹೊರಟೇಬಿಟ್ಟಳು. ಬಾಗಿಲು ಹಾಕಿದ ರಭಸಕ್ಕೆ ಕಪಾಟಿನ ಮೇಲಿದ್ದ ಎಣ್ಣೆಯ ಶೀಸೆಗಳು ಕಿಣಿಕಿಣಿ ಅಂದವು.

ಮಹಡಿಯಿಂದ ನಮ್ಮ ಯಜಮಾನ, ಚಿತ್ರಕಾರ ಲುಬ್ಬರ್ಟ್, ಕುಂಚ ಒರೆಸಿಕೊಳ್ಳುತ್ತಾ ಇಳಿದು ಬಂದ. “ಎಲ್ಲಿ ಹುಡುಗಿ?”

“ಹೋದಳು.”

“ಬರ್ತಾಳಾ?”

“ಬರೋ ನಡಿಗೆ ಥರ ಕಾಣ್ಲಿಲ್ಲ ಯಜಮಾನ್ರೆ.”

ಲುಬ್ಬರ್ಟ್ ಕೆಟ್ಟ ಮನುಷ್ಯನಲ್ಲ. ನಾನು ಹತ್ತೊಂಬತ್ತನೆಯ ವಯಸ್ಸಿಗೆ ಗಂಡನನ್ನು ಸಮುದ್ರಕ್ಕೆ ಕಳೆದುಕೊಂಡು ಬಂದಾಗ ಒಳಗೆ ಕರೆದುಕೊಂಡವನು. ಅಡುಗೆ, ಒಗೆತ, ಬಣ್ಣ ಅರೆಯುವುದು, ಹಲಗೆಗೆ ಸುಣ್ಣದ ಪೂಸು ಬಳಿಯುವುದು, ಎಲ್ಲ ನನ್ನ ಮೇಲೆ ಬಿಟ್ಟಿದ್ದ. ಅವನಿಗಿದ್ದ ಒಂದೇ ದೋಷ ಎಂದರೆ ಗಟ್ಟಿ ದನಿಯಲ್ಲಿ ಮಾತಾಡುವವರ ಮುಂದೆ ಅವನ ನಾಲಿಗೆ ಏಳುತ್ತಿರಲಿಲ್ಲ. ಡೀವರಮ್ಮನ ದನಿಯೋ, ಬಂದರಿನಲ್ಲಿ ನಿಂತು ಮಾತಾಡಿದರೆ ಚರ್ಚಿನಲ್ಲಿ ಕೇಳಿಸಬೇಕು.

ಗಂಡ ಸತ್ತ ಮೇಲೆ ಬಿಯರು ಕಾಯಿಸುವ ಕಾರ್ಖಾನೆಯನ್ನು ಒಬ್ಬಳೇ ನಡೆಸಿದ ಹೆಂಗಸು ಆಕೆ. ಎರಡು ಹಲಗೆಗೆ ಹೇಳಿದವಳು ಆಕೆಯೇ. ಮದುವೆಯ ಊಟದ ದಿನ ಗೋಡೆಯ ಮೇಲೆ ಮಗ ಸೊಸೆ ಇಬ್ಬರೂ ಇರಬೇಕು ಎಂದು ಆಕೆಯ ಆಸೆ. ಒಪ್ಪಂದದ ಕಾಗದದಲ್ಲಿ ಮುಖ, ಕೈ ಎರಡನ್ನೂ ಕೂತವರನ್ನು ನೋಡಿಯೇ ಬರೆಯತಕ್ಕದ್ದು ಎಂದು ಬರೆಸಿದ್ದಳು. ಅದರ ಜೊತೆ ಒಂದು ಪುಟ್ಟ ಮರದ ಡಬ್ಬಿ ಕೊಟ್ಟು, “ನಮ್ಮತ್ತೆ ಉಂಗುರ ಇದು. ಕೈ ಬರೆಯೋ ದಿನ ಹುಡುಗಿ ಬೆರಳಿಗೆ ಹಾಕ್ಸಿ. ಹಾಕ್ಕೊಂಡ್ರೆ ಅವಳದೇ,” ಅಂದು ಹೋಗಿದ್ದಳು. ಮಗನ ಪರವಾಗಿ ತಾಯಿ ಕೊಡುವುದು, ಹುಡುಗಿ ಹಾಕಿಕೊಂಡರೆ ಮಾತು ಗಟ್ಟಿ. ನಮ್ಮಲ್ಲಿ ಉಂಗುರ ಎಂದರೆ ಅಷ್ಟು ತೂಕ.

ಕೈ ಬರೆಯುವ ದಿನ ಎಂದರೆ ಆ ನಾಲ್ಕನೆಯ ಬೆಳಗು.

ಲುಬ್ಬರ್ಟ್ ಒಂದು ವಾರ ಕಾದ. ಹಾರ್ಮೆನ್‌ಗೆ ಎರಡು ಸಲ ಹೇಳಿಕಳಿಸಿದ. ಅವನು, “ಬರ್ತಾಳೆ, ಬರ್ತಾಳೆ, ಸ್ವಲ್ಪ ಮುನಿಸು,” ಅಂದ. ಹುಡುಗಿ ಬರಲಿಲ್ಲ. ಕೊನೆಗೆ ಲುಬ್ಬರ್ಟ್ ಯಾವತ್ತೂ ಮಾಡುತ್ತಿದ್ದುದನ್ನೇ ಮಾಡಿದ. ಮರದ ಬೊಂಬೆಗೆ ಕಪ್ಪು ರೇಷ್ಮೆಯ ಉಡುಪು ಹಾಕಿ ಮೈ ಬರೆದ. ಕೈಗೆ ನನ್ನನ್ನು ಕೂರಿಸಿದ.

ಇದನ್ನು ಕೇಳಿ ನಗಬೇಡಿ. ಊರಿನ ಹೆಂಗಸರಿಗೆ ಅಷ್ಟು ಹೊತ್ತು ಕೈ ಚಾಚಿ ಕೂರುವ ವ್ಯವಧಾನ ಎಲ್ಲಿ? ಮುಖಕ್ಕೆ ಕೂರುತ್ತಿದ್ದರು, ಮುಖ ತಮ್ಮ ಹಾಗಿದೆಯೋ ಇಲ್ಲವೋ ಎಂದು ನೋಡುತ್ತಿದ್ದರು. ಕೈಯನ್ನು ಯಾರು ನೋಡುತ್ತಾರೆ? ಹನ್ನೊಂದು ವರ್ಷ ನಾನು ಬೀಸಣಿಗೆ ಹಿಡಿದೆ, ಪ್ರಾರ್ಥನೆಯ ಪುಸ್ತಕ ಹಿಡಿದೆ, ಜರತಾರಿಯ ಕೈಗವಸು ಹಿಡಿದೆ. ಬಣ್ಣ ಅರೆದು ಊದಿದ ಗೆಣ್ಣುಗಳನ್ನು ಲುಬ್ಬರ್ಟ್ ಸಣ್ಣಗೆ ಮಾಡುತ್ತಿದ್ದ, ಒಗೆದು ಕೆಂಪಾದ ಚರ್ಮವನ್ನು ಬೆಣ್ಣೆಯ ಹಾಗೆ ಮಾಡುತ್ತಿದ್ದ. ಆದರೆ ಆಕಾರ ಕಂಡಂತೆಯೇ ಬರೆಯುವುದು ಅವನ ಹಟ. ಹತ್ತನೆಯ ವಯಸ್ಸಿನಲ್ಲಿ ಕೊಟ್ಟಿಗೆಯ ಬಾಗಿಲ ಸಂದಿಗೆ ಸಿಕ್ಕಿ ನನ್ನ ಬಲಗೈಯ ಕಿರುಬೆರಳು ಹೊರಗೆ ಬಾಗಿಹೋಗಿತ್ತು. ಅದನ್ನು ಅವನು ನೇರ ಮಾಡುತ್ತಿರಲಿಲ್ಲ. “ಈ ಬಾಗು ಚೆಂದ ಹಿಲ್ಲೆ, ಕೈಗೊಂದು ಬಳುಕು ಬರುತ್ತೆ,” ಅನ್ನುತ್ತಿದ್ದ.

ಡೀವರಮ್ಮನ ಉಂಗುರ ನನ್ನ ತೋರುಬೆರಳಿನ ಗೆಣ್ಣು ದಾಟಲಿಲ್ಲ. ಸೋಪು ಹಚ್ಚಿ ತಳ್ಳಿದರೂ ದಾಟಲಿಲ್ಲ. ಲುಬ್ಬರ್ಟ್ ಆಚೀಚೆ ನೋಡಿ, ನಾನು ಮಲಗುವ ಗೂಡಿನ ಹಸಿರು ಪರದೆಯನ್ನು ಕಂಬಿಗೆ ತೂಗಿದ್ದ ಪುಟ್ಟ ಹಿತ್ತಾಳೆಯ ಬಳೆಗಳಲ್ಲಿ ಒಂದನ್ನು ಬಿಚ್ಚಿ, ಒಳಗೆ ದಾರ ಸುತ್ತಿ ನನ್ನ ಬೆರಳಿಗೆ ಹಾಕಿದ. ಅದೇ ಚಿತ್ರದಲ್ಲಿ ಚಿನ್ನವಾಯಿತು. ಉಂಗುರದ ಡಬ್ಬಿ ಬಣ್ಣದ ಪುಡಿಗಳ ಖಾನೆಗೆ ಹೋಯಿತು.

ಚಿತ್ರ ಕೊಟ್ಟುಬರುವಾಗ ನಾನೂ ಹೋಗಿದ್ದೆ. ಡೀವರಮ್ಮ ಹಲಗೆಯನ್ನು ಬೆಳಕಿಗೆ ಹಿಡಿದು ನೋಡಿ, ಮುಖ ಅರಳಿಸಿ, “ಉಂಗುರ ಅವಳ ಕೈಗೆ ಎಷ್ಟು ಒಪ್ಪಿದೆ!” ಅಂದಳು.

ಲುಬ್ಬರ್ಟ್ “ಹೂಂ” ಅಂದ.

ಆ ಒಂದು ಹೂಂ ನೋಡಿ, ಅದೇ ಎಲ್ಲಕ್ಕೂ ಮೂಲವಾಯಿತು.

ಡೀವರಮ್ಮ ಎರಡನ್ನೂ ಮುಂದಿನ ಕೋಣೆಯಲ್ಲಿ ನೇತುಹಾಕಿ ಅಕ್ಕಪಕ್ಕದವರನ್ನೆಲ್ಲ ಬಿಯರಿಗೆ ಕರೆದಳು. ಬಂದವರೆಲ್ಲ ಉಂಗುರ ನೋಡಿದರು. ಹುಡುಗಿ ಒಪ್ಪಿದ್ದಾಳೆ ಎಂದು ಊರು ತೀರ್ಮಾನಿಸಿತು. ನನಗೆ ಆಗ ಅನ್ನಿಸಿದ್ದು, ಈ ಜೋಡಿ ಹಲಗೆಗಳಲ್ಲಿ ಒಲ್ಲೆ ಅನ್ನುವವರು ಯಾರೂ ಇರುವುದಿಲ್ಲ ಎಂದು. ಮನಸ್ಸಿತ್ತೋ ಇಲ್ಲವೋ, ಎಲ್ಲರೂ ಒಂದೇ ಸಮಾಧಾನದಲ್ಲಿ ಒಳಕ್ಕೆ ತಿರುಗಿ ನಿಂತಿರುತ್ತಾರೆ.

ಮದುವೆಗೆ ಮೊದಲು ಚರ್ಚಿನಲ್ಲಿ ಮೂರು ಭಾನುವಾರ ಗಂಡು ಹೆಣ್ಣಿನ ಹೆಸರು ಕೂಗಿಸಬೇಕಲ್ಲ, ಅದಕ್ಕೆ ಹೆಸರು ಬರೆಸಲು ಡೀವರಮ್ಮ ಮಗನನ್ನು ಕರೆದುಕೊಂಡು ಹೋದಳು. ಅಲೀಡಳನ್ನೂ ಕರೆಸಿದರು. ಅವಳು ಗುಮಾಸ್ತನ ಮುಂದೆ ನಿಂತು, “ನಾನು ಯಾರಿಗೂ ಮಾತು ಕೊಟ್ಟಿಲ್ಲ,” ಅಂದಳು. “ಉಂಗುರ?” ಅಂದರೆ, “ಯಾವ ಉಂಗುರ?” ಅಂದಳು. ಡೀವರಮ್ಮನಿಗೆ ಬೆಂಕಿ ಹತ್ತಿತು. ಅತ್ತೆಯ ಉಂಗುರವನ್ನೂ ಇಟ್ಟುಕೊಂಡು ಮಾತನ್ನೂ ಮುರಿಯುವ ಹುಡುಗಿ ಎಂದು ಊರೆಲ್ಲ ಸಾರಿ, ಮದುವೆಯ ತಕರಾರು ಕೇಳುವ ಹಿರಿಯರಿಗೆ ದೂರು ಕೊಟ್ಟಳು.

ವಿಚಾರಣೆಗೆ ಎರಡು ದಿನ ಇರುವಾಗ ಅಲೀಡ ನನಗೆ ಮೀನಿನ ಕಟ್ಟೆಯ ಹತ್ತಿರ ಸಿಕ್ಕಿದಳು. ಕೆನ್ನೆ ಒಳಗೆ ಹೋಗಿತ್ತು.

“ಅವರು ಚಿತ್ರಾನೇ ಸಾಕ್ಷಿಗೆ ತರ್ತಾರಂತೆ ಹಿಲ್ಲಕ್ಕ. ನಾನು ಒಪ್ಪಿದ್ದೆ ಅಂತ ಹಿರಿಯರು ಬರೆದುಬಿಟ್ರೆ ಮುಗೀತು. ಒಂದೋ ರೈಕರ್ಟ್‌ನ ಕಟ್ಕೋಬೇಕು, ಇಲ್ಲಾ ಅವರಾಗಿ ಬಿಡೋವರೆಗೂ ಬೇರೆ ಯಾರ ಜೊತೇನೂ ನನ್ನ ಹೆಸರು ಕೂಗೋ ಹಾಗಿಲ್ಲ. ಡೀವರಮ್ಮ ಬಿಡ್ತಾಳಾ?”

“ಬೇರೆ ಯಾರಾದ್ರೂ ಇದಾನೇನೇ?”

“ಇಲ್ಲ. ಬೇಡ ಅನ್ನೋಕೆ ಇನ್ನೊಬ್ಬ ಇರ್ಲೇಬೇಕಾ?”

“ರೈಕರ್ಟ್ ಕೆಟ್ಟವನೇನಲ್ಲವಲ್ಲ,” ಅಂದೆ.

“ಅಲ್ಲ ಬಿಡಿ. ಆದ್ರೆ ನಾನು ಏನಾದ್ರೂ ಕೇಳಿದ್ರೆ ಅವನು ಅಮ್ಮನ ಮುಖ ನೋಡ್ತಾನೆ. ಆಕೆ ಮನೇಲಿಲ್ಲದಿದ್ರೆ ಬಾಗಿಲು ನೋಡ್ತಾನೆ. ನಾನು ಅಪ್ಪನ ಹಗ್ಗ ಹೊಸೆಯೋ ಓಣೀಲಿ ಎಂಟು ಜನ ಗಂಡಸರ ಹತ್ರ ಕೆಲಸ ತೆಗೆಯೋಳು. ಅವರ ಮನೆಗೆ ಹೋಗಿ ಬಾಯಿಗೆ ಬೀಗ ಹಾಕ್ಕೊಂಡು ಕೂರ್ಲಾ?” ಆಮೇಲೆ ದನಿ ಇಳಿಸಿ, “ನಾನು ಆ ದಿನ ಕೂರ್ಲೇ ಇಲ್ಲ ಹಿಲ್ಲಕ್ಕ. ಆ ಕೈ ಯಾರದು?” ಅಂದಳು.

ನಾನು ಎರಡೂ ಕೈಯನ್ನು ಮುಂಬಟ್ಟೆಯ ಒಳಗೆ ಸೇರಿಸಿದೆ. ಅವಳು ಅದನ್ನು ನೋಡಿದಳು. ನಾನು, “ಯಜಮಾನ್ರನ್ನ ಕೇಳ್ತೀನಿ,” ಅಂದು ಬುಟ್ಟಿ ಎತ್ತಿಕೊಂಡೆ.

ಕೇಳಿದೆ. ಲುಬ್ಬರ್ಟ್ ಕುರ್ಚಿಯಿಂದ ಎದ್ದು ನಿಂತ, ಮತ್ತೆ ಕೂತ.

“ಹೇಗೆ ಹೇಳೋದೇ? ಕೂತವರನ್ನ ನೋಡಿಯೇ ಬರೀತೀನಿ ಅಂತ ರುಜು ಹಾಕಿದೀನಿ. ಇದು ಹೊರಗೆ ಬಿದ್ರೆ ಎಲ್ಲರೂ ಮನೆಗೆ ಹೋಗಿ ಹೆಂಡ್ತೀರ ಕೈ ನೋಡ್ತಾರೆ. ಹದಿನೇಳು ಮನೆ ಹಿಲ್ಲೆ! ಹದಿನೇಳು ಮನೇಲಿ ನಿನ್ನ ಕೈ ನೇತಾಡ್ತಿದೆ!”

“ಉಂಗುರ ನಮ್ಮ ಖಾನೇಲಿದೆ ಯಜಮಾನ್ರೆ. ಅದನ್ನ ಆ ಹುಡುಗಿ ನುಂಗಿದಾಳೆ ಅಂತ ಊರಾಡ್ತಿದೆ.”

“ಕೊಡಬೇಕು ಅಂತಲೇ ಇದ್ದೆ. ಮೊದಲು ಮರೆತೆ. ನೆನಪಾದಾಗ ಕೊಡೋ ಹೊತ್ತು ಮೀರಿತ್ತು.” ಅವನು ಮುಖವನ್ನು ಅಂಗೈಯಲ್ಲಿ ಉಜ್ಜಿಕೊಂಡ. “ಅವರು ಕೇಳ್ಲಿಲ್ಲ ಅಂದ್ರೆ ನೀನು ಬಾಯಿ ಬಿಡಬೇಡ.”

“ಕೇಳಿದ್ರೆ?”

ಅವನು ಎದ್ದು ಮಹಡಿ ಹತ್ತಿದ.

ವಿಚಾರಣೆಯ ಬೆಳಗು ನಾನು ಖಾನೆ ತೆಗೆದು, ಡಬ್ಬಿಯ ಮೇಲಿನ ಹಳದಿ ಪುಡಿ ಒರೆಸಿ, ಅವನ ರೊಟ್ಟಿ ಮಜ್ಜಿಗೆಯ ಪಕ್ಕ ಇಟ್ಟೆ. ಅವನು ರೊಟ್ಟಿ ತಿಂದ, ಮಜ್ಜಿಗೆ ಕುಡಿದ. ಡಬ್ಬಿಯನ್ನು ಜೇಬಿಗೆ ಹಾಕಿಕೊಂಡ. ಹೊರಗೆ ತೆಗೆಯಲೆಂದು ಹಾಕಿಕೊಂಡನೋ, ಮುಚ್ಚಿಡಲೆಂದು ಹಾಕಿಕೊಂಡನೋ ನನಗೆ ತಿಳಿಯಲಿಲ್ಲ.

ಊರ ಸಭೆಯ ಮನೆಯಲ್ಲಿ ಉದ್ದ ಮೇಜಿನ ಹಿಂದೆ ಮೂವರು ಹಿರಿಯರು. ನಡುವೆ ಓಲ್ಫರ್ಟ್ ಅವರು, ಹಳೆಯ ಹಡಗಿನ ಒಡೆಯರು, ಬಿಳಿ ಹುಬ್ಬು. ಒಂದು ಕಡೆ ಹಾರ್ಮೆನ್ ಟೊಪ್ಪಿಗೆ ಹಿಂಡುತ್ತಾ ನಿಂತಿದ್ದ, ಪಕ್ಕದಲ್ಲಿ ಅಲೀಡ. ಇನ್ನೊಂದು ಕಡೆ ಡೀವರಮ್ಮ. ಆಕೆಯ ಹಿಂದೆ ರೈಕರ್ಟ್, ಅಲೀಡಳ ಚಿತ್ರದ ಹಲಗೆಯನ್ನು ಎದೆಗೆ ಅವಚಿಕೊಂಡು, ತನ್ನ ಮುಖ ಅದರ ಹಿಂದೆ ಮರೆಯಾಗಿದ್ದರೆ ಒಳ್ಳೆಯದು ಎನ್ನುವ ಹಾಗೆ.

ಹಲಗೆಯನ್ನು ಕಿಟಕಿಯ ಹತ್ತಿರ ಕುರ್ಚಿಯ ಮೇಲೆ ನಿಲ್ಲಿಸಿದರು.

“ನೋಡಿ ಸ್ವಾಮಿ,” ಅಂದಳು ಡೀವರಮ್ಮ. “ನಾನು ಹೆಚ್ಚು ಮಾತಾಡೋಳಲ್ಲ.” ಹಾರ್ಮೆನ್ ಕೆಮ್ಮಿದ. “ಕೆಮ್ಮು ಹಾರ್ಮೆನ್, ಕೆಮ್ಮು. ಹೊಸ್ತಿಲು ಸವೆಯೋ ಹಾಗೆ ಓಡಾಡಿ, ನಮ್ಮ ಹುಡುಗೀನ ಕೊಡ್ತೀನಿ ಅಂತ ತಲೆ ಆಡಿಸಿದವನು ನೀನೇ ತಾನೆ? ಉಂಗುರ ನಾನು ಚಿತ್ರದ ಮನೆಗೆ ಕಳಿಸಿದೆ. ಅದನ್ನ ಅವಳು ಹಾಕ್ಕೊಂಡು ಕೂತಳು. ಇವರು ನೋಡಿ ಬರೆದ್ರು. ಈಗ ಯಾವ ಉಂಗುರ ಅಂತಾಳೆ. ಕಣ್ಣಿಗೆ ಕಾಣ್ತಿದೆಯಲ್ಲ!”

ಓಲ್ಫರ್ಟ್ ಹಲಗೆಯನ್ನು ನೋಡಿದರು. “ಏನಮ್ಮ ಹುಡುಗಿ?”

“ಮುಖ ನಂದೇ ಸ್ವಾಮಿ. ಮೂರು ಬೆಳಗು ಕೂತಿದ್ದೆ. ನಾಲ್ಕನೇ ದಿನ ಕೂರ್ಲಿಲ್ಲ. ಕೈ ನಂದಲ್ಲ. ಉಂಗುರ ನಾನು ನೋಡೇ ಇಲ್ಲ.”

“ಮುಖ ಅವಳದು, ಕೈ ಅವಳದಲ್ಲ!” ಡೀವರಮ್ಮ ಎರಡೂ ಕೈ ಮೇಲೆತ್ತಿದಳು. “ನಾಳೆ ತಲೆ ನಂದು, ಕತ್ತು ನೆರೆಮನೆಯವಳದು ಅಂತಾಳೆ!”

ನೋಡಲು ಬಂದಿದ್ದ ಜನ ನಕ್ಕರು. ಅಲೀಡ ನಗುವವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ಲುಬ್ಬರ್ಟ್, ಎದುರಿಗೆ ಇದ್ದದ್ದನ್ನ ನೋಡಿ ಬರೆದ್ಯೋ, ಮನಸ್ಸಿಗೆ ಬಂದ ಹಾಗೆ ಬರೆದ್ಯೋ?” ಅಂದರು ಓಲ್ಫರ್ಟ್.

“ನೋಡಿ ಬರೆದೆ ಸ್ವಾಮಿ. ನಾನು ನೋಡದೆ ಬರೆಯೋನಲ್ಲ.”

“ಕೇಳಿದ್ರಲ್ಲ!” ಅಂದಳು ಡೀವರಮ್ಮ.

ಗುಮಾಸ್ತ ಲೇಖನಿ ಅದ್ದಿದ. ಆ ಲೇಖನಿ ಕಾಗದಕ್ಕೆ ತಾಗಿದರೆ ಒಂದು ಹುಡುಗಿಯ ಬಾಳು ಅಲ್ಲಿ ಅಂಟಿಕೊಳ್ಳುತ್ತದೆ ಎಂದು ನನಗೆ ಕಂಡಿತು. ಯಜಮಾನನ ಕಡೆ ನೋಡಿದರೆ ಅವನು ನೆಲದ ಕಲ್ಲುಗಳನ್ನು ಎಣಿಸುತ್ತಿದ್ದ. ಹನ್ನೊಂದು ವರ್ಷದ ಅನ್ನ, ನಿಜ. ಆದರೂ ನನ್ನ ಕಾಲು ಮುಂದೆ ಹೋಯಿತು.

“ಅವರು ನೋಡಿ ಬರೆದದ್ದು ನಿಜ ಸ್ವಾಮಿ,” ಅಂದೆ. “ನೋಡಿದ್ದು ನನ್ನನ್ನ.”

“ನೀನ್ಯಾರು?”

“ಅವರ ಮನೆ ಕೆಲಸದ ಹಿಲ್ಲೆ.”

ಡೀವರಮ್ಮ ತಿರುಗಿದಳು. “ಇವಳ ಕೈ? ಈ ಕೈ? ಇದು ಕೈಯಲ್ಲ, ಗೋರುವ ಸಲಿಕೆ! ಹಾರ್ಮೆನ್ ಏನು ಕೊಟ್ಟ ನಿನಗೆ ಹೀಗೆ ಹೇಳೋಕೆ?”

“ಸಲಿಕೆಯೇ ಅಮ್ಮಾವ್ರೆ. ನಿಮ್ಮನೆ ಉಂಗುರ ಇದಕ್ಕೆ ಹತ್ತಲಿಲ್ಲ. ಅದಕ್ಕೇ ನನ್ನ ಹಾಸಿಗೆ ಗೂಡಿನ ಪರದೆ ಬಳೆ ಹಾಕಿದ್ದು. ಐದನೇ ಬಳೆ. ಬೇಕಾದ್ರೆ ಬಂದು ನೋಡಿ, ಒಳಗೆ ದಾರ ಸುತ್ತಿದ್ದು ಇನ್ನೂ ಇದೆ.”

ಈಗ ಯಾರೂ ನಗಲಿಲ್ಲ. ನಾನು ಕುರ್ಚಿಯ ಹತ್ತಿರ ಹೋಗಿ, ಹಲಗೆಯ ಮೇಲಿನ ಕೈಯ ಪಕ್ಕಕ್ಕೆ ನನ್ನ ಬಲಗೈ ಹಿಡಿದೆ. ಚಿತ್ರದಲ್ಲಿದ್ದ ಹಾಗೆಯೇ ಮಣಿಕಟ್ಟು ಬಗ್ಗಿಸಿ, ಕೈಗವಸು ಹಿಡಿದಂತೆ ಬೆರಳು ಮಡಚಿದೆ. ಅದನ್ನು ಮಾಡುವುದಕ್ಕೆ ನಾನು ಯೋಚಿಸಬೇಕಾಗಿರಲಿಲ್ಲ. ಕಿರುಬೆರಳು ಅಲ್ಲಿ ಹೇಗೆ ಹೊರಗೆ ಬಾಗಿತ್ತೋ ಇಲ್ಲಿಯೂ ಹಾಗೆಯೇ ಬಾಗಿತ್ತು. ಅಲೀಡ ತಾನೂ ಬಂದು ಇನ್ನೊಂದು ಪಕ್ಕದಲ್ಲಿ ಕೈ ಚಾಚಿದಳು. ಹಗ್ಗದ ನಾರಿನಿಂದ ಗೀರು ಬಿದ್ದಿದ್ದ ಅವಳ ಸಣ್ಣ ಕೈಯಲ್ಲಿ ಐದು ಬೆರಳೂ ಕಡ್ಡಿಯ ಹಾಗೆ ನೆಟ್ಟಗಿದ್ದವು.

ಓಲ್ಫರ್ಟ್ ಎದ್ದು ಬಂದು ಬಗ್ಗಿ ನೋಡಿದರು. ನನ್ನ ಕಿರುಬೆರಳು ನೋಡಿದರು, ಚಿತ್ರದ್ದು ನೋಡಿದರು, ಮತ್ತೆ ನನ್ನದು ನೋಡಿದರು. ಅವರ ಮುಖದಲ್ಲಿ ಬೇರೆಯೇ ಏನೋ ಹೊಳೆಯುತ್ತಿತ್ತು.

“ಲುಬ್ಬರ್ಟ್,” ಅಂದರು ನಿಧಾನವಾಗಿ. “ನನ್ನ ಹೆಂಡತೀದು ನೀನು ಬರೆದು ಎಷ್ಟು ವರ್ಷ ಆಯ್ತು?”

“ಆರು ಸ್ವಾಮಿ.”

“ಆರು ವರ್ಷದಿಂದ ದಿನಾ ಊಟಕ್ಕೆ ಕೂತಾಗ ನೋಡ್ತೀನಿ. ಚಿತ್ರದಲ್ಲಿ ಅವಳ ಕಿರುಬೆರಳು ಯಾಕೆ ಸೊಟ್ಟ ಅಂತ. ನನಗೆ ಗೊತ್ತಿಲ್ಲದ ಹಾಗೆ ಎಲ್ಲೋ ಪೆಟ್ಟು ಮಾಡ್ಕೊಂಡಿದಾಳೇನೋ ಅಂತ ಒಂದ್ಸಲ ಕೈ ಹಿಡಿದು ನೋಡಿದ್ದೂ ಆಯ್ತು. ನೆಟ್ಟಗಿತ್ತು. ಕೇಳಿದ್ರೆ ಚಿತ್ರಕಾರನಿಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ.”

ಪಕ್ಕದಲ್ಲಿದ್ದ ಇನ್ನೊಬ್ಬ ಹಿರಿಯ ಗಡ್ಡ ತುರಿಸಿಕೊಂಡು, “ನಮ್ಮತ್ತಿಗೇದೂ ಹಾಗೇ,” ಅಂದ.

ಆಗ ಲುಬ್ಬರ್ಟ್ ತಲೆ ಎತ್ತಿದ. ಜೇಬಿಗೆ ಕೈ ಹಾಕಿ ಡಬ್ಬಿ ತೆಗೆದ. ಮೇಜಿನ ಮೇಲಿಟ್ಟು, ಮುಚ್ಚಳ ತೆರೆದು ಹಿಂದೆ ಸರಿದ. ಕೆಂಪು ಬಟ್ಟೆಯ ಮೇಲೆ ಡೀವರಮ್ಮನ ಅತ್ತೆಯ ಉಂಗುರ ಹಾಗೇ ಕೂತಿತ್ತು.

“ಹುಡುಗಿ ಇದನ್ನ ನೋಡೇ ಇಲ್ಲ,” ಅಂದ. “ತಪ್ಪು ನಂದು. ಡೀವರಮ್ಮ ಕೇಳಿದಾಗ ಹೂಂ ಅಂದೆ. ಉಹೂಂ ಅನ್ನಬೇಕಿತ್ತು. ಆಮೇಲೆ ಹೇಳೋಕೆ ಹೆದರಿದೆ.” ಹೇಳಿ ಮುಗಿಸಿ ಅವನು ಬಿಟ್ಟ ಉಸಿರು ಹೇಗಿತ್ತೆಂದರೆ, ಮೂಟೆ ಇಳಿಸಿದ ಬಂದರಿನ ಕೂಲಿಯವನು ಬಿಡುತ್ತಾನಲ್ಲ, ಹಾಗೆ. ಇಡೀ ಊರು ನಾಳೆ ನಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಆದರೂ ಅವನ ಹೆಗಲು ಸಡಿಲವಾಯಿತು.

ಡೀವರಮ್ಮ ಉಂಗುರ ನೋಡುತ್ತಾ ನಿಂತಳು. ಆಕೆಯ ದನಿ ಅಷ್ಟು ಸಣ್ಣದಾದದ್ದನ್ನು ನಾನು ಹಿಂದೆ ಕೇಳಿರಲಿಲ್ಲ. “ಇಷ್ಟು ದಿನ ಇವಳು ಕಳ್ಳಿ ಅಂತ ನಾನು ಬಾವಿ ಕಟ್ಟೆ, ಚರ್ಚಿನ ಬಾಗಿಲು ಒಂದೂ ಬಿಡದೆ ಹೇಳ್ಕೊಂಡು ಬಂದೆನಲ್ಲ ಲುಬ್ಬರ್ಟ್. ನನ್ನ ಬಾಯಿಂದ ಹೇಳಿಸಿಬಿಟ್ಯಲ್ಲ.” ಆಮೇಲೆ ಅಲೀಡಳ ಕಡೆ ತಿರುಗಿ, ಕತ್ತು ನೆಟ್ಟಗೆ ಇಟ್ಟುಕೊಂಡೇ, “ತಪ್ಪಾಯ್ತು ಮಗಳೇ. ಅಷ್ಟೂ ಕಡೆ ಹೋಗಿ ನಾನೇ ಸರಿಮಾಡಿ ಬರ್ತೀನಿ,” ಅಂದಳು. ಆ ಹೆಂಗಸಿನ ಬಗ್ಗೆ ಜನ ಏನಾದರೂ ಹೇಳಲಿ, ಮಾತಿಗೆ ತಪ್ಪಲಿಲ್ಲ. ಒಂದು ವಾರ ಬಾಗಿಲು ಬಾಗಿಲಿಗೆ ಹೋಗಿ, ಮೊದಲು ಸಾರಿದಷ್ಟೇ ಗಟ್ಟಿಯಾಗಿ ಸಾರಿ ಬಂದಳು.

ಓಲ್ಫರ್ಟ್ ತಮ್ಮ ಜಾಗಕ್ಕೆ ಹೋಗಿ ಕೂತರು. “ಇನ್ನು ಒಂದು ಉಳೀತು. ರೈಕರ್ಟ್, ಇಷ್ಟು ಹೊತ್ತಾದ್ರೂ ನಿನ್ನನ್ನ ಯಾರೂ ಏನೂ ಕೇಳ್ಲಿಲ್ಲ. ಈ ಹುಡುಗಿ ನಿನಗೆ ಬಾಯಿಂದಾಗಲಿ ಬೇರೆ ರೀತೀಲಾಗಲಿ ಮಾತು ಕೊಟ್ಟಿದ್ಲಾ?”

ರೈಕರ್ಟ್ ಅಮ್ಮನ ಮುಖ ನೋಡಿದ. ಡೀವರಮ್ಮ ಅವನನ್ನು ನೋಡಲಿಲ್ಲ, ಉಂಗುರವನ್ನೇ ನೋಡುತ್ತಿದ್ದಳು. ಅವನಿಗೆ ಬೇರೆ ದಾರಿ ಇರಲಿಲ್ಲ. ತಾನೇ ಮಾತಾಡಿದ.

“ಇಲ್ಲ ಸ್ವಾಮಿ. ಉಂಗುರ ಹಾಕ್ಕೊಂಡ್ಲು ಅಂತ ಅಮ್ಮ ಹೇಳಿದ್ಲು, ನಂಬಿದೆ. ಆದ್ರೆ ಆಮೇಲೆ ಇವಳು ನನ್ನ ಕಂಡ್ರೆ ಸೇತುವೆ ದಾಟಿ ಆಚೆ ದಂಡೆಗೆ ಹೋಗ್ತಿದ್ಲು.” ಅವನ ಕಿವಿ ಕೆಂಪಾದವು. “ಒಪ್ಪಿದ ಮೇಲೆ ಹತ್ತಿರದಿಂದ ನೋಡಿ ಅಸಹ್ಯ ಆಗಿರಬೇಕು ಅಂದ್ಕೊಂಡೆ. ಒಂದು ತಿಂಗಳಿಂದ ಕನ್ನಡಿ ಮುಂದೆ ನಿಲ್ತಿದೀನಿ, ಏನು ತಪ್ಪಿದೆ ಅಂತ. ಒಪ್ಪಿರ್ಲೇ ಇಲ್ಲ ಅಂದ್ರೆ ವಾಸಿ. ಅದು ಎಷ್ಟೋ ವಾಸಿ.”

ಅಲೀಡ ಅವನ ಕಡೆ ತಿರುಗಿದಳು. ಅಷ್ಟು ದಿನದಲ್ಲಿ ಅವನನ್ನು ನೆಟ್ಟಗೆ ನೋಡಿದ್ದು ಅದೇ ಮೊದಲು ಅನ್ನಿಸುತ್ತದೆ. “ಅಯ್ಯೋ, ಅದಲ್ಲ ಕಣೋ. ನಿನ್ನ ಮುಖದಲ್ಲಿ ಏನೂ ತಪ್ಪಿಲ್ಲ,” ಅಂದಳು. “ನಿಮ್ಮನೇಲಿ ನನಗೆ ಉಸಿರು ಕಟ್ಟುತ್ತೆ, ಅಷ್ಟೇ.”

“ನನಗೂ ಕಟ್ಟುತ್ತೆ,” ಅಂದ ರೈಕರ್ಟ್. ಅಂದ ಮೇಲೆ ತಾನು ಅಂದದ್ದೇನು ಎಂದು ತಿಳಿದು ಬಾಯಿ ಮುಚ್ಚಿಕೊಂಡ.

ಮೂವರು ಹಿರಿಯರೂ ತಲೆ ಬಗ್ಗಿಸಿ ಕಾಗದ ನೋಡುವ ಹಾಗೆ ಮಾಡಿದರು. ಅವರ ಭುಜ ಅಲುಗುತ್ತಿತ್ತು. ಡೀವರಮ್ಮ ಮಗನನ್ನು ದಿಟ್ಟಿಸಿದಳು. ಎಲ್ಲರೂ ಸಿಡಿಲಿಗೆ ಕಾದರು. “ಹಾಗಾದ್ರೆ ಕಿಟಕಿ ತೆಗೀಬೇಕಪ್ಪಾ,” ಅಂದಳು, ಅಷ್ಟೇ. ಡಬ್ಬಿ ಮುಚ್ಚಿ ಸೊಂಟದ ಚೀಲಕ್ಕೆ ಹಾಕಿಕೊಂಡಳು.

ಓಲ್ಫರ್ಟ್ ಹೇಳಿದರು, ಗುಮಾಸ್ತ ಬರೆದ. ಸಾಕ್ಷಿ ಹೇಳಿದ್ದಕ್ಕೆ ನನ್ನಿಂದಲೂ ಗುರುತು ಹಾಕಿಸಿದರು. ಆಗ ನನಗೆ ಅಕ್ಷರ ಬರುತ್ತಿರಲಿಲ್ಲ. ಒಂದು ಗೀಟು ಎಳೆದು ಅದರ ಮೇಲೆ ಅಡ್ಡ ಇನ್ನೊಂದು ಎಳೆದೆ. ಆಮೇಲೆ ಗುಮಾಸ್ತ ಎದ್ದು ನಿಂತು ಬರೆದದ್ದನ್ನು ಓದಿದ. ಇವರಿಬ್ಬರ ನಡುವೆ ಯಾವ ಮಾತೂ ಆಗಿರಲಿಲ್ಲ, ಇಬ್ಬರೂ ತಮಗೆ ಬೇಕಾದವರನ್ನು ಬೇಕಾದಾಗ ಮದುವೆಯಾಗಲು ಅಡ್ಡಿಯಿಲ್ಲ.

“ಇನ್ನೊಂದ್ಸಲ ಓದ್ತೀರಾ?” ಅಂದಳು ಅಲೀಡ.

ಅವನು ಮತ್ತೆ ಓದಿದ. ಈ ಸಲ ನಿಧಾನವಾಗಿ, ಚೂರು ನಗುತ್ತಾ.

“ಬೇಕಾದಾಗ ಅಂತ ಇದೆಯಲ್ವಾ? ಬೇಡದಿದ್ರೆ?”

“ಬೇಡದಿದ್ರೆ ಏನೂ ಇಲ್ಲಮ್ಮ,” ಅಂದ. “ಅದಕ್ಕೆ ಕಾಗದ ಬೇಕಾಗಿಲ್ಲ.”

ಲುಬ್ಬರ್ಟ್ ಅಲೀಡಳ ಹಲಗೆಯನ್ನು ಕಂಕುಳಿಗೆ ಸೇರಿಸಿಕೊಂಡು ನನ್ನ ಹತ್ತಿರ ಬಂದ. ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಾನೆ ಎಂದೇ ನಾನು ಕಾದಿದ್ದೆ. “ಸಂಜೆಗೆ ಏನು ಸಾರು?” ಅಂದ.

“ಬಟಾಣಿ ಯಜಮಾನ್ರೆ.”

“ಮಾಂಸದ ಚೂರು ಜಾಸ್ತಿ ಹಾಕು. ನನಗೆ ಒಂದು ತಿಂಗಳಿಂದ ಊಟ ಸೇರ್ತಿರ್ಲಿಲ್ಲ.” ಎರಡು ಹೆಜ್ಜೆ ಹೋಗಿ ನಿಂತ. “ಇನ್ನು ಮೇಲೆ ಅವರವರೇ ಕೈ ಚಾಚಿ ಕೂರ್ಲಿ. ಊರಿಗೆಲ್ಲ ಗೊತ್ತಾಯ್ತಲ್ಲ, ಇನ್ಯಾಕೆ ನಿನಗೆ ಹಿಂಸೆ.” ಹನ್ನೊಂದು ವರ್ಷದಲ್ಲಿ ಅದು ನನಗೆ ಹಿಂಸೆ ಎಂದು ಅವನು ಅಂದದ್ದು ಅದೇ ಮೊದಲು. ಗಂಟೆಗಟ್ಟಲೆ ಕೈ ಚಾಚಿ ಕೂತು ಹಿಡಿದಿದ್ದ ನನ್ನ ಹೆಗಲಿನ ನೋವು ಆ ಕ್ಷಣದಿಂದಲೇ ಅರ್ಧ ಇಳಿದಂತಾಯಿತು.

ಹೊರಗೆ ಮೆಟ್ಟಿಲ ಕೆಳಗೆ ಒಬ್ಬ ಮುದುಕಿ ಕಬ್ಬಿಣದ ಹಂಚಿನ ಮೇಲೆ ದಪ್ಪ ದೋಸೆ ಹುಯ್ಯುತ್ತಿದ್ದಳು. ಬೆಣ್ಣೆ ಕರಗಿದ ವಾಸನೆ ಚೌಕದ ತುಂಬ ಹರಡಿತ್ತು. ಅಲೀಡ ಎರಡು ಮೆಟ್ಟಿಲು ಇಳಿದವಳು ಅಲ್ಲೇ ಕುಸಿದು ಕೂತಳು. ನನಗೆ ಗಾಬರಿಯಾಯಿತು.

“ಏನಾಯ್ತೇ?”

“ಏನಿಲ್ಲ ಹಿಲ್ಲಕ್ಕ. ಹಸಿವು.” ಅವಳು ಅಳುತ್ತಿದ್ದಾಳೆ ಎಂದುಕೊಂಡೆ. ಮುಖ ಎತ್ತಿದಾಗ ನೋಡಿದರೆ ನಗುತ್ತಿದ್ದಳು.

ಹಾರ್ಮೆನ್ ಓಡಿ ಹೋಗಿ ಕಾಕಂಬಿ ಸುರಿಸಿದ ದೋಸೆ ಎರಡು ತಂದ. ಅವಳಿಗೊಂದು ಕೊಟ್ಟ, ನನಗೊಂದು ಕೊಟ್ಟ. ತಾನು ಕೆಳಗಿನ ಮೆಟ್ಟಿಲ ಮೇಲೆ, ಮಗಳಿಗಿಂತ ತಗ್ಗಿನಲ್ಲಿ ನಿಂತ. ನಾರು ಹೊಸೆಯುತ್ತಾ ಹಿಂದೆ ಹಿಂದೆ ಸರಿಯುವ ಹಗ್ಗದವರಿಗೆ ಹಿಂದಕ್ಕೆ ನಡೆದೇ ಅಭ್ಯಾಸ. ಮುಖ ನೋಡಿ ಮಾತಾಡುವುದು ಅವನಿಗೆ ಕಷ್ಟವಾಯಿತು.

“ನಾನು ನಿನ್ನ ಕೇಳಬೇಕಿತ್ತು,” ಅಂದ.

“ಕೇಳಬೇಕಿತ್ತು ಅಪ್ಪ.”

“ನಾಚಿಕೆಗೆ ಸುಮ್ಮನಿದೀಯ ಅಂದ್ಕೊಂಡೆ.”

“ನಾನು ಯಾವತ್ತಾದ್ರೂ ನಾಚಿಕೆಗೆ ಸುಮ್ಮನಿದ್ದದ್ದು ನೋಡಿದೀಯಾ?”

ಹಾರ್ಮೆನ್ ಯೋಚಿಸಿದ. “ಇಲ್ಲ,” ಅಂದ. “ಅದು ನನಗೆ ಹೊಳೀಬೇಕಿತ್ತು.”

ಅವಳು ಬೆರಳು ನೆಕ್ಕಿಕೊಂಡು ನನ್ನ ಕೈಯಲ್ಲಿದ್ದುದನ್ನು ನೋಡಿದಳು. ನಾನು ಅರ್ಧ ಮುರಿದು ಕೊಟ್ಟೆ. ಅದನ್ನೂ ತಿಂದಳು. ತಿಂದು ಮುಗಿಸಿ, “ಅಪ್ಪ, ಇನ್ನೊಂದು ತಾ,” ಅಂದಳು. ಹಾರ್ಮೆನ್ ಟೊಪ್ಪಿಗೆ ಸರಿಮಾಡಿಕೊಂಡು ಮತ್ತೆ ಮುದುಕಿಯ ಹಂಚಿನ ಕಡೆ ಹೊರಟ. ಮೂರು ಹೆಜ್ಜೆ ಹೋದವನು ನಿಂತು, ಹಿಂದಿರುಗಿ ಕೇಳಿದ:

“ಕಾಕಂಬಿ ಹಾಕಿಸ್ಲಾ, ಸಕ್ಕರೆ ಹಾಕಿಸ್ಲಾ?”